ಗಡ್ವಾಲ್ ಬೆಟ್ಟದಲ್ಲಿ ಒಂದೇ ಹಳ್ಳೀಲಿ ಹತ್ತು ದಿನ ಇರೋಕೆ ಯಾವೂರು ಸರಿ?

ಸಕಲೇಶಪುರ_ತೋಟ:

ಎಲ್ರಿಗೂ ನಮಸ್ಕಾರ. ಉತ್ತರಾಖಂಡದ ಗಡ್ವಾಲ್ ಕಡೆ ಟ್ರೆಕ್ಕಿಂಗೂ ಅಲ್ಲ, ಯಾತ್ರೇನೂ ಅಲ್ಲ, ಸುಮ್ನೆ ಒಂದು ಹಳ್ಳೀಲಿ ಹೋಗಿ ಇದ್ದು ಬಂದೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ನಾನು, ಹೆಂಡ್ತಿ, ಅಮ್ಮ, ಮೂರು ಜನ. ಅಕ್ಟೋಬರಲ್ಲಿ ತೋಟದ ಕೆಲ್ಸ ಸ್ವಲ್ಪ ಸಡಿಲ ಇರುತ್ತೆ, ಅರೇಬಿಕಾ ಕೊಯ್ಲು ಶುರುವಾಯ್ತು ಅಂದ್ರೆ ಆಮೇಲೆ ರೋಬಸ್ಟಾ, ಮೆಣಸು ಅಂತ ಬೇಸಿಗೆ ತನಕ ಅಲ್ಲಾಡಂಗಿಲ್ಲ. ದಸರಾ ಮುಗಿದ ತಕ್ಷಣ ಹೊರಟು ಹಾಸನಾಂಬೆ ಬಾಗ್ಲು ಹಾಕೋದ್ರೊಳಗೆ ವಾಪಸ್ ಬರ್ಬೇಕು, ಇದು ಅಮ್ಮನ ಕಂಡೀಷನ್, ಇದ್ರಲ್ಲಿ ಚೌಕಾಸಿ ಇಲ್ಲ.

ನಂಗೆ ದಿನಕ್ಕೊಂದು ಊರು ನೋಡೋ ಆಸೆ ಇಲ್ಲ. ಒಂದೇ ಕಡೆ ರೂಮು, ಬೆಳಿಗ್ಗೆ ಎದ್ದು ಹಿಮದ ಬೆಟ್ಟ ಕಂಡ್ರೆ ಸರಿ, ಕಾಣ್ದಿದ್ರೂ ಸರಿ, ಊರಲ್ಲಿ ಓಡಾಡ್ಕೊಂಡು ಅವ್ರು ಏನು ಬೆಳೀತಾರೆ ಹೆಂಗೆ ಬದುಕ್ತಾರೆ ನೋಡ್ಕೊಂಡು ಮಧ್ಯಾಹ್ನ ಊಟ ಮಾಡಿ ಮಲಗೋದು. ನಮ್ ಕಡೆ ಶನಿವಾರ ಬಂದ್ರೆ ಪಕ್ಕದ ರೆಸಾರ್ಟಿನ ಡಿಜೆ, ಜೀಪುಗಳ ಗಲಾಟೆ, ರಸ್ತೆ ಬದಿ ಬಾಟ್ಲು ಆರಿಸೋ ಕೆಲ್ಸ ನಂದೇ. ಎರಡು ಸಾವಿರ ಕಿಲೋಮೀಟರ್ ಹೋಗಿ ಅಲ್ಲೂ ಅದೇ ಕೇಳೋದಾದ್ರೆ ಮನೇಲೇ ಇರ್ತೀನಿ.

ಅಮ್ಮಂಗೆ ಮಂಡಿ ನೋವು, ಸಮತಟ್ಟಿನಲ್ಲಿ ಎಷ್ಟು ಬೇಕಾದ್ರೂ ನಡೀತಾರೆ, ಮೆಟ್ಲು ಕಷ್ಟ. ಮತ್ತೆ ಮೂರು ಹೊತ್ತೂ ಚಪಾತಿ ದಾಲ್ ಅಂದ್ರೆ ನಾಲ್ಕನೇ ದಿನಕ್ಕೆ ಮುನಿಸ್ಕೊಳ್ತಾರೆ. ಯಾವೂರು, ಹೆಂಗೆ ಹೋಗೋದು, ಏನು ನೋಡ್ಕೋಬೇಕು ಹೇಳಿ ಪ್ಲೀಸ್.

ಏನ್_ಗುರು:

ಅಷ್ಟು ದೂರ ಯಾಕ್ ಗುರು, ಬಿಸಿಲೆ ಕಡೆ ಹೋಗಿ ಕೂತ್ಕೊ, ನೆಟ್‌ವರ್ಕೂ ಇರಲ್ಲ 😂

ಸಕಲೇಶಪುರ_ತೋಟ:

@ಏನ್_ಗುರು ಬಿಸಿಲೆ ನಮ್ ಹಿತ್ಲು ಇದ್ದಂಗೆ ಗುರು, ಅಲ್ಲೂ ಭಾನುವಾರ ಬಂದು ನೋಡು ಗೊತ್ತಾಗುತ್ತೆ.

ಬೆಟ್ಟದಹಾದಿ_ಚಿಕ್ಕಮಗಳೂರು:

ಕೆಲ್ಸದ ಮೇಲೆ ಡೆಹ್ರಾಡೂನಲ್ಲಿ ಸ್ವಲ್ಪ ಕಾಲ ಇದ್ದೆ, ಆಗ ಆ ಕಡೆ ಸುತ್ತಾಡಿದ್ದು. ನೆಟ್ಟಲ್ಲಿ ಹುಡುಕಿದ್ರೆ ಎಲ್ರೂ ಹೇಳೋದು ಚೋಪ್ತಾ, ಸಾರಿ, ಔಲಿ, ಹರ್ಸಿಲ್. ಇದ್ರಲ್ಲಿ ಚೋಪ್ತಾ ಊರೇ ಅಲ್ಲ ಸರ್, ತುಂಗನಾಥಕ್ಕೆ ಹತ್ತೋ ಜಾಗದಲ್ಲಿರೋ ಢಾಬಾ, ಟೆಂಟುಗಳ ಸಾಲು ಅಷ್ಟೇ. ಸಾರಿ ನಿಜವಾದ ಹಳ್ಳಿ, ಚೆನ್ನಾಗೂ ಇದೆ, ಆದ್ರೆ ದೇವರಿಯಾ ತಾಲ್ ಅನ್ನೋ ಕೆರೆಗೆ ಹತ್ತೋರೆಲ್ಲ ಅಲ್ಲಿಂದ್ಲೇ ಹೋಗೋದು, ಹಂಗಾಗಿ ವೀಕೆಂಡಲ್ಲಿ ದಿಲ್ಲಿ ಹುಡುಗ್ರ ಬ್ಯಾಗೇ ಬ್ಯಾಗು. 2018ರಲ್ಲಿ ಅಲ್ಲಿನ ಹೈಕೋರ್ಟು ಬುಗ್ಯಾಲ್‌ಗಳಲ್ಲಿ, ಅಂದ್ರೆ ಕಾಡು ಮುಗಿದ ಮೇಲೆ ಸಿಗೋ ಹುಲ್ಲುಬೆಟ್ಟಗಳಲ್ಲಿ, ರಾತ್ರಿ ಟೆಂಟ್ ಹಾಕ್ಬಾರ್ದು ಅಂತ ಆದೇಶ ಮಾಡ್ತು. ಒಳ್ಳೇದೇ ಆಯ್ತು, ಆದ್ರೆ ಮೇಲೆ ಮಲಗಂಗಿಲ್ಲ ಅಂದ್ಮೇಲೆ ಜನ ಕೆಳಗಿನ ಹಳ್ಳೀಲೇ ಮಲಗ್ಬೇಕಲ್ಲ.

ನಿಮ್ಗೆ ನಾನು ಹೇಳೋದು ಮೂರು ಊರು. ಪೌಡಿ ಜಿಲ್ಲೆಯ ಖಿರ್ಸು, ಪೌಡಿಯಿಂದ 19 ಕಿಮೀ, ಎತ್ತರ ಸುಮಾರು 1,700 ಮೀಟರ್, ಅಂದ್ರೆ ನಮ್ ಮುಳ್ಳಯ್ಯನಗಿರಿ ತುದಿ 1,930 ಇದೆ, ಅದಕ್ಕಿಂತ ಕಮ್ಮಿನೇ, ಅಮ್ಮಂಗೆ ಉಸಿರಿನ ತೊಂದ್ರೆ ಏನೂ ಆಗಲ್ಲ. ಓಕ್, ದೇವದಾರು ಮರಗಳ ಮಧ್ಯೆ ರಸ್ತೆ, ಆಕಾಶ ತಿಳಿಯಾಗಿದ್ರೆ ಎದುರಿಗೆ ಹಿಮದ ಸಾಲು. ಸರ್ಕಾರಿ ಗೆಸ್ಟ್‌ಹೌಸೂ ಇದೆ. ಎರಡನೇದು ರುದ್ರಪ್ರಯಾಗ ಜಿಲ್ಲೆಯ ಮಕ್ಕು, ಊಖೀಮಠದಿಂದ ಚೋಪ್ತಾ ಕಡೆ ಹೋಗೋ ಹಾದಿ ಪಕ್ಕ. ಚಳಿಗಾಲದಲ್ಲಿ ತುಂಗನಾಥ ದೇವ್ರು ಇಳಿದು ಬರೋದು ಈ ಊರಿಗೆ, ಇಲ್ಲಿನ ಮಾರ್ಕಂಡೇಯ ಗುಡೀಲಿ ಪೂಜೆ. ಪಕ್ಷಿ ನೋಡೋರು ಬಿಟ್ರೆ ಹೊರಗಿನೋರು ಕಮ್ಮಿ. ಮೂರನೇದು ಉತ್ತರಕಾಶಿಯ ರೈಥಲ್, ಭಟ್ವಾರಿಯಿಂದ ಮೇಲಕ್ಕೆ. ಮರದ ದಿಮ್ಮಿ ಒಂದು ವರಸೆ ಕಲ್ಲು ಒಂದು ವರಸೆ ಹಾಕಿ ಕಟ್ಟಿರೋ ಹಳೇ ಮಹಡಿ ಮನೆಗಳು ಅಲ್ಲಿವೆ, 1991ರ ಉತ್ತರಕಾಶಿ ಭೂಕಂಪಕ್ಕೂ ಬೀಳ್ಲಿಲ್ಲ, ಯಾಕಂದ್ರೆ ಭೂಮಿ ಅಲ್ಲಾಡಿದ್ರೆ ಆ ಮರ ಜೊತೇಲೇ ಅಲ್ಲಾಡಿ ತಡ್ಕೊಳುತ್ತೆ. ಅದು ದಯಾರಾ ಬುಗ್ಯಾಲ್‌ನ ಬೇಸ್, ಹಂಗಾಗಿ ಟ್ರೆಕ್ಕರ್ಸ್ ಬರ್ತಾರೆ. ಎತ್ತರ ಏಳು ಸಾವಿರ ಅಡಿ ದಾಟುತ್ತೆ, ಮನೆಗಳು ಇಳಿಜಾರಲ್ಲಿ, ಅಮ್ಮನ ಮಂಡಿಗೆ ಬೇಡ ಅನ್ಸುತ್ತೆ.

ಆದ್ರೆ ಸರ್ ಇನ್ನೊಂದು ವಿಷ್ಯ. ಪೌಡಿ ಕಡೆ ಅಷ್ಟು ಪ್ರಶಾಂತವಾಗಿರೋದಕ್ಕೆ ಕಾರಣ ಇದೆ, ಜನಾನೇ ಇಲ್ಲ. ಅವ್ರು ಅದನ್ನ ಪಲಾಯನ್ ಅಂತಾರೆ, ಪ್ರತಿ ಚುನಾವಣೇಲೂ ಅದೇ ಮಾತು. 2001ರಿಂದ 2011ರೊಳಗೆ ಪೌಡಿ, ಅಲ್ಮೋಡಾ ಎರಡು ಜಿಲ್ಲೆಗಳ ಜನಸಂಖ್ಯೆ ಹೆಚ್ಚೋ ಬದ್ಲು ಕಮ್ಮಿ ಆಯ್ತು. ಸರ್ಕಾರ 2017ರಲ್ಲಿ ಪಲಾಯನ ಆಯೋಗ ಅಂತಾನೇ ಮಾಡಿ ಪೌಡೀಲೇ ಆಫೀಸ್ ಇಡ್ತು, ಅವ್ರು ಮರು ವರ್ಷ ಕೊಟ್ಟ ವರದಿ ಪ್ರಕಾರ 2011ರ ನಂತರ 734 ಊರುಗಳು ಪೂರ್ತಿ ಖಾಲಿ. ಹುಡುಗ್ರು ಸೈನ್ಯಕ್ಕೆ, ದಿಲ್ಲಿ ಹೋಟ್ಲಿಗೆ, ಡೆಹ್ರಾಡೂನಿಗೆ. ಸ್ಕೂಲಿಲ್ಲ ಡಾಕ್ಟ್ರಿಲ್ಲ ಅಂತ ಸೊಸೆ ಮಕ್ಕಳೂ ಕೆಳಗಿಳಿದ್ರು. ಉಳಿದೋರು ಬೆಳೆದ್ರೆ ಹಂದಿ, ಕೋತಿ ಬಿಡಲ್ಲ, ಬೆಳೆ ಹೋಗುತ್ತೆ ಅಂತ ಗದ್ದೆ ಪಾಳು ಬಿಡ್ತಾರೆ, ಪಾಳು ಬಿಟ್ಟ ಗದ್ದೇಲಿ ಪೊದೆ ಬೆಳೆದು ಚಿರತೆ ಮನೆ ಹತ್ರಾನೇ ಬರುತ್ತೆ. ನಮ್ ಆಲೂರು, ಸಕಲೇಶಪುರ ಕಡೆ ಆನೆ ಕಾಟಕ್ಕೆ ಭತ್ತ ಬಿಟ್ಟೋರ ಕಥೆ ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ. ಮುಸ್ಸಂಜೆ ಆದ್ಮೇಲೆ ಒಬ್ಬೊಬ್ರೇ ವಾಕಿಂಗ್ ಹೋಗ್ಬೇಡಿ, ಅಲ್ಲಿನೋರು ಹೇಳಿದ್ರೆ ಹೆದರ್ಸ್ತಿದಾರೆ ಅನ್ಕೋಬೇಡಿ.

ಹಾಗಾಗಿ ನೀವು ಹೋಗೋ ಊರಲ್ಲಿ ಇನ್ನೂ ಹೊಲ ಮಾಡ್ತಿರೋರು, ದನ ಸಾಕಿರೋರು ಇದಾರಾ ಅನ್ನೋದು ಮೊದ್ಲು ವಿಚಾರ್ಸಿ. ವ್ಯೂ ಎಲ್ಲಾ ಕಡೆ ಇರುತ್ತೆ. ಬರೀ ಬೀಗ ಹಾಕಿರೋ ಮನೆಗಳ ಮಧ್ಯೆ ಹತ್ತು ದಿನ ಕೂತ್ರೆ ಶಾಂತಿ ಅಲ್ಲ, ಬೇಜಾರು ಬರುತ್ತೆ.

ನಿವೃತ್ತ_ಹವಾಲ್ದಾರ್_ಹಾಸನ:

ಸರ್ವೀಸಲ್ಲಿದ್ದಾಗ ಜೋಶಿಮಠ ಕಡೆ ಪೋಸ್ಟಿಂಗ್ ಇತ್ತು ನಂಗೆ, ದಾರಿ ವಿಷ್ಯ ನಾನ್ ಹೇಳ್ತೀನಿ. ಬೆಂಗ್ಳೂರಿಂದ ಫ್ಲೈಟಾದ್ರೆ ಡೆಹ್ರಾಡೂನ್ ಅಂತ ಬುಕ್ ಮಾಡಿ, ಏರ್‌ಪೋರ್ಟಿರೋದು ಜಾಲಿ ಗ್ರಾಂಟ್‌ನಾಗೆ, ಅದು ಡೆಹ್ರಾಡೂನಿಗಿಂತ ಋಷಿಕೇಶಕ್ಕೇ ಹತ್ರ ಕಣಪ್ಪ. ರೈಲಾದ್ರೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಕಳೆದ್ರೆ ದಿಲ್ಲಿ, ಅಲ್ಲಿಂದ ಹರಿದ್ವಾರಕ್ಕೆ ಬೇಕಾದಷ್ಟು ರೈಲು ಬಸ್ಸು. ತಾಯಿ ಜೊತೆ ಅಂದ್ರೆ ಫ್ಲೈಟೇ ವಾಸಿ.

ಈಗ ಮುಖ್ಯ ಮಾತು ಕೇಳಿ. ಋಷಿಕೇಶ ತಲುಪಿದ ದಿನ ಅಲ್ಲೇ ಮಲಗಿ, ಬೆಟ್ಟ ಹತ್ತೋಕೆ ಹೋಗ್ಬೇಡಿ. ಬೆಟ್ಟದ ಬಸ್ಸುಗಳು ಬೆಳಕು ಹರಿಯೋಕ್ ಮುಂಚೆ ಹೊರಡ್ತವೆ, ಮಧ್ಯಾಹ್ನ ಆದ್ಮೇಲೆ ದೂರದ ಬಸ್ ಸಿಗೋದು ಕಷ್ಟ, ರಾತ್ರಿ ಅಂತೂ ಆ ರಸ್ತೇಲಿ ಓಡ್ಸೋದೇ ಇಲ್ಲ. ದೇವಪ್ರಯಾಗ ಒಂದು 70 ಕಿಮೀ, ಅಲ್ಲಿ ಭಾಗೀರಥಿ ಅಲಕನಂದಾ ಸೇರಿ ಗಂಗೆ ಅಂತ ಹೆಸ್ರು ಬರೋದು, ಎರಡು ಬಣ್ಣದ ನೀರು ಮೇಲಿಂದಾನೇ ಕಾಣುತ್ತೆ, ಡ್ರೈವರಿಗೆ ಹೇಳಿ ಐದು ನಿಮಿಷ ನಿಲ್ಸಿ ತಾಯಿಗೆ ತೋರ್ಸಿ. ಆಮೇಲೆ ಶ್ರೀನಗರ, ಕಾಶ್ಮೀರದ್ದಲ್ಲ ಇದು ಗಡ್ವಾಲ್‌ದು. ಖಿರ್ಸುಗೆ ಅಲ್ಲಿಂದ ಮೇಲಕ್ಕೆ ತಿರುಗ್ಬೇಕು. ಊಖೀಮಠ, ಮಕ್ಕು ಅಂದ್ರೆ ರುದ್ರಪ್ರಯಾಗದ ತನಕ ಹೋಗಿ ಕೇದಾರದ ರಸ್ತೆ ಹಿಡೀಬೇಕು, ಇಡೀ ದಿನದ ಕೆಲ್ಸ. ಕಿಲೋಮೀಟರ್ ನೋಡಿ ಟೈಮ್ ಲೆಕ್ಕ ಹಾಕ್ಬೇಡಿ, ನಮ್ ಶಿರಾಡಿ ಘಾಟಿ ಒಂದು ಗಂಟೇಲಿ ಮುಗಿಯುತ್ತೆ, ಅಲ್ಲಿ ಅದು ಬೆಳಿಗ್ಗೆಯಿಂದ ಸಂಜೆ ತನಕ ಬರ್ತಾನೇ ಇರುತ್ತೆ. ತಾಯಿಯವ್ರನ್ನ ಮುಂದಿನ ಸೀಟಲ್ಲಿ ಕೂರ್ಸಿ, ಖಾಲಿ ಹೊಟ್ಟೇಲೂ ಬೇಡ, ಪೂರಿ ತಿಂದೂ ಬೇಡ, ವಾಂತಿ ಮಾತ್ರೆ ಇಟ್ಕೊಳಿ.

ಶೇರ್ ಜೀಪು ಊರೂರಿಗೂ ಇರ್ತವೆ, ಹತ್ತು ಜನ ತುಂಬೋ ತನಕ ಬಿಡಲ್ಲ. ತಾಯಿ ಇದಾರೆ ಅಂದ್ರೆ ಋಷಿಕೇಶದಿಂದ ಟ್ಯಾಕ್ಸಿ ಮಾಡ್ಬುಡಿ, ದುಡ್ಡು ನೋಡ್ಬೇಡಿ. ಅಲ್ಲಿ ಇಳಿದ್ಮೇಲೆ ಗಾಡಿ ಕಳಿಸ್ಬುಡಿ. ಗಾಡಿ ಬಾಗಿಲಲ್ಲಿ ನಿಂತಿದ್ರೆ ಇವತ್ತು ಅಲ್ಲಿಗೋಗಣ ನಾಳೆ ಇಲ್ಲಿಗೋಗಣ ಅಂತ ಶುರುವಾಗುತ್ತೆ, ನೀವೇ ಹೇಳ್ದಂಗೆ ಸುಮ್ನಿರೋ ಪ್ಲಾನ್ ಎರಡೇ ದಿನಕ್ಕೆ ಪಲ್ಟಿ.

ಮಳೆ ಬಗ್ಗೆ, ಜುಲೈಯಿಂದ ಸೆಪ್ಟೆಂಬರ್ ಗುಡ್ಡ ಕುಸಿಯೋ ಕಾಲ, ಅಕ್ಟೋಬರ್ ಸರಿಯಾದ ಟೈಮು. ಆದ್ರೂ ವಾಪಸ್ ಬರೋ ಫ್ಲೈಟಿಗೂ ಬೆಟ್ಟ ಇಳಿಯೋದಕ್ಕೂ ಮಧ್ಯ ಒಂದಿನ ಗ್ಯಾಪ್ ಇಟ್ಕೊಳಿ.

ಮೂಡಿಗೆರೆ_ಮನೆ:

ನಾವು ಮೂಡಿಗೆರೆ ಹತ್ರ ಸಣ್ಣ ಹೋಮ್‌ಸ್ಟೇ ನಡೆಸ್ತೀವಿ, ಎರಡೇ ರೂಮು. ಹಂಗಾಗಿ ಅತಿಥಿ ಅಲ್ಲ, ಮನೆಯೋರ ಕಡೆಯಿಂದ ಹೇಳ್ತೀನಿ. ಬುಕ್ ಮಾಡೋಕ್ ಮುಂಚೆ ಆಪ್‌ನ ಫೋಟೋ ನೋಡ್ಬೇಡಿ, ಫೋನ್ ಮಾಡಿ. ಆ ಮನೆಯೋರು ಅಲ್ಲೇ ವಾಸ ಇದಾರಾ ಅಥವಾ ದಿಲ್ಲೀಲಿರೋ ಓನರ್ ಒಬ್ಬ ಹುಡುಗನ್ನ ಮ್ಯಾನೇಜರ್ ಅಂತ ಬಿಟ್ಟಿದಾನಾ, ಇದೇ ಮೊದ್ಲ ಪ್ರಶ್ನೆ. ಎರಡನೇದು ರಸ್ತೆಯಿಂದ ಮನೆಗೆ ಎಷ್ಟು ಮೆಟ್ಲು. ದೂರ ಕೇಳಿದ್ರೆ ಬೆಟ್ಟದೋರು ಯಾವಾಗ್ಲೂ ಇಲ್ಲೇ ಇಲ್ಲೇ ಅಂತಾರೆ, ನಮ್ಮಲ್ಲೂ ಅಷ್ಟೇ ಅಲ್ವಾ, ಮೆಟ್ಲು ಕೇಳಿದ್ರೆ ನಿಜ ಗೊತ್ತಾಗುತ್ತೆ. ಊರೆಲ್ಲ ಮೆಟ್ಟಿಲು ಗದ್ದೆ, ಮನೆಯಿಂದ ಮನೆಗೆ ಹೋಗ್ಬೇಕಂದ್ರೂ ಹತ್ತು ಇಳಿ. ಟಾಯ್ಲೆಟ್ ರೂಮಿಗೆ ಸೇರಿದ್ದಾ, ಕಮೋಡ್ ಇದೆಯಾ, ರಾತ್ರಿ ಅಮ್ಮ ಹೊರಗೆ ಅಂಗಳ ದಾಟಿ ಹೋಗ್ಬೇಕಾ, ಇದನ್ನೆಲ್ಲ ನಾಚ್ಕೊಳ್ದೆ ಕೇಳಿ. ರಾತ್ರಿ ಚಳಿ ಒಂದಂಕಿಗೆ ಇಳಿಯೋ ಕಾಲ ಅದು.

ಮತ್ತೆ ಅಣ್ಣ, ಅಕ್ಟೋಬರಲ್ಲಿ ನಿಮ್ಗೆ ಬಿಡುವು, ಅವ್ರಿಗಲ್ಲ. ಅದು ಅಲ್ಲಿ ಕೊಯ್ಲಿನ ಕಾಲ. ಭತ್ತ, ರಾಗಿ, ಊದಲು ಎಲ್ಲಾ ಒಂದೇ ಸಲ ಒಳಗೆ ಬರ್ಬೇಕು, ಜೊತೆಗೆ ಚಳಿಗಾಲಕ್ಕೆ ದನಕ್ಕೆ ಅಂತ ಬೆಟ್ಟದಿಂದ ಹುಲ್ಲು ಕೊಯ್ದು ಒಣಗ್ಸಿ ಮರಕ್ಕೆ ಸುತ್ತಿ ಒಟ್ಟೋದು. ಈ ಕೆಲ್ಸ ಎಲ್ಲಾ ಹೆಂಗಸ್ರೇ ಮಾಡೋದು, ಬೆಳಿಗ್ಗೆ ಹಗ್ಗ ಕುಡುಗೋಲು ತಗೊಂಡು ಹೋದ್ರೆ ಬೆನ್ನ ಮೇಲೆ ಹೊರೆ ಹೊತ್ಕೊಂಡೇ ಬರೋದು. ನಿಮ್ಗೆ ಟೀ ಕೊಡೋ ಅಕ್ಕನೇ ಆ ಹೊರೇನೂ ಹೊತ್ತಿರ್ತಾಳೆ. ಹಂಗಾಗಿ ಹನ್ನೊಂದು ಗಂಟೆಗೆ ಇನ್ನೊಂದು ರೌಂಡ್ ಟೀ, ನಾಲ್ಕಕ್ಕೆ ಪಕೋಡ ಅಂತ ಕೇಳ್ಬೇಡಿ. ಊಟದ ಟೈಮ್ ಅವ್ರದ್ದೇ ಇಟ್ಕೊಳಿ. ನಮ್ಮನೆಗೆ ಬರೋರಲ್ಲಿ ಮನೆಯೋರ ಟೈಮಿಗೆ ಹೊಂದ್ಕೊಳ್ಳೋರು ಎಲ್ಲೋ ಒಬ್ರು, ಅವ್ರನ್ನ ನಾವು ವರ್ಷಗಟ್ಲೆ ನೆನಪಿಟ್ಕೋತೀವಿ, ದುಡ್ಡು ಜಾಸ್ತಿ ಕೊಟ್ಟೋರನ್ನಲ್ಲ.

ನಿಮ್ಮಮ್ಮ ಹೊಲ ಮಾಡ್ದೋರಾದ್ರೆ ಭಾಷೆ ಬರ್ದಿದ್ರೂ ಅವ್ರ ಜೊತೆ ಕೂತು ಹುರುಳಿ ಬಡಿಯೋಕೆ ಶುರು ಮಾಡ್ತಾರೆ ನೋಡ್ತಾ ಇರಿ. ನಿಮ್ಗಿಂತ ಅವ್ರಿಗೇ ಚೆನ್ನಾಗಿ ಟೈಮ್ ಪಾಸ್ ಆಗುತ್ತೆ.

ಸಕಲೇಶಪುರ_ತೋಟ:

ಅಯ್ಯೋ ತುಂಬಾ ಥ್ಯಾಂಕ್ಸ್ ಎಲ್ರಿಗೂ. ಮೆಟ್ಲು ಕೇಳೋ ಐಡಿಯಾ ನಂಗೆ ಹೊಳೆದೇ ಇರ್ಲಿಲ್ಲ ಅಕ್ಕ. ಹವಾಲ್ದಾರ್ ಸರ್, ಗಾಡಿ ವಾಪಸ್ ಕಳಿಸೋ ಮಾತು ಹೆಂಡ್ತಿಗೆ ಓದಿ ಹೇಳ್ದೆ, ನಿಮ್ಮನ್ನೇ ಕಾರ್ ಬಿಟ್ಟು ಕೂರ್ಸೋದು ಕಷ್ಟ ಅಂದ್ಳು. ಅಲ್ಲಿ ರಾಗಿ ಬೆಳೀತಾರಾ ನಿಜವಾಗ್ಲೂ? ಅಮ್ಮ ನಂಬ್ತಿಲ್ಲ.

ಬಾಳೆಹೊನ್ನೂರು_ಬಸ್‌ಸ್ಟ್ಯಾಂಡ್:

ಬೆಳೀತಾರೆ ಮಾರಾಯ್ರೆ, ಮಂಡುವಾ ಅಂತಾರೆ, ಕೋದಾ ಅಂತಾನೂ ಅಂತಾರೆ, ನಮ್ ರಾಗಿನೇ. ಮುದ್ದೆ ಮಾತ್ರ ಮಾಡಲ್ಲ, ರೊಟ್ಟಿ ಮಾಡ್ತಾರೆ, ಮೇಲೆ ತುಪ್ಪ, ಪಕ್ಕಕ್ಕೆ ಪಿಸ್ಯೂ ಲೂಣ್, ಅಂದ್ರೆ ಉಪ್ಪಿಗೆ ಬೆಳ್ಳುಳ್ಳಿ ಮೆಣಸಿನಕಾಯಿ ಸೊಪ್ಪು ಹಾಕಿ ಕಲ್ಲಲ್ಲಿ ಅರೆದಿದ್ದು. ಅದೊಂದು ಡಬ್ಬಿ ತನ್ನಿ, ಸೌತೆಕಾಯಿಗೆ ಹಚ್ಚಿ ತಿಂದ್ರೆ ಆಹಾ. ಹುರುಳಿಗೆ ಗಹತ್ ಅಂತಾರೆ, ನೆನೆಸಿ ಅರೆದು ಫಾಣು ಅಂತ ಮಾಡ್ತಾರೆ, ಹಾಸನದೋರಿಗೆ ಹುರುಳಿ ಸಾರು ಕುಡಿದಂಗೇ ಇರುತ್ತೆ, ಹುಳಿ ಮಾತ್ರ ಇರಲ್ಲ. ಊದಲಿನ ಪಾಯಸ ಮಾಡ್ತಾರೆ. ಒಗ್ಗರಣೆಗೆ ಸಾಸಿವೆ ಬದ್ಲು ಜಖ್ಯಾ ಅಂತ ಸಣ್ಣ ಕಾಳು, ಹಲ್ಲಿಗೆ ಸಿಕ್ಕಿ ಪಟ್ ಅನ್ನುತ್ತೆ. ಮುಟ್ಟಿದ್ರೆ ತುರಿಸೋ ಗಿಡದ ಸೊಪ್ಪನ್ನೂ ಪಲ್ಯ ಮಾಡ್ತಾರೆ, ಕಂಡಾಲಿ ಅಂತ, ಬೆಂದ್ಮೇಲೆ ತುರಿಸಲ್ಲ, ಧೈರ್ಯವಾಗಿ ತಿನ್ನಿ. ಮದ್ವೆ ಮನೆ ಇದ್ರೆ ಅರ್ಸಾ ಸಿಗುತ್ತೆ, ಅಕ್ಕಿ ಹಿಟ್ಟು ಬೆಲ್ಲದ್ದು, ಕಣ್ಮುಚ್ಚಿ ತಿಂದ್ರೆ ನಮ್ ಕಜ್ಜಾಯನೇ. ಹೋಮ್‌ಸ್ಟೇಯೋರು ಮಾತ್ರ ಟೂರಿಸ್ಟಿಗೆ ಇದೆಲ್ಲ ಹಿಡ್ಸಲ್ಲ ಅಂತ ಪನೀರು, ಮ್ಯಾಗಿ ಮಾಡಿಡ್ತಾರೆ, ನೀವೇ ಬಾಯ್ಬಿಟ್ಟು ಮನೇಲಿ ಏನು ತಿಂತೀರೋ ಅದೇ ಕೊಡಿ ಅನ್ಬೇಕು. ಕಾಫಿ ಪುಡಿ, ಫಿಲ್ಟರ್ ನೀವೇ ಒಯ್ಯೋದು, ಇದನ್ನ ಸಕಲೇಶಪುರದೋರಿಗೆ ಹೇಳ್ಬೇಕಾಗಿಲ್ಲ.

ನನ್ ವೋಟು ಊಖೀಮಠ-ಮಕ್ಕು ಕಡೆಗೆ. ಯಾಕಂದ್ರೆ ನಮ್ ಬಾಳೆಹೊನ್ನೂರಿನ ರಂಭಾಪುರಿ ಪೀಠ ಇದೆಯಲ್ಲ, ಅದೇ ಪಂಚಪೀಠಗಳಲ್ಲಿ ಕೇದಾರ ಪೀಠ ಇರೋದು ಊಖೀಮಠದಲ್ಲಿ. ಕೇದಾರನಾಥದ ರಾವಲ್, ಅಂದ್ರೆ ಮುಖ್ಯ ಗುರುಗಳು, ಆಗೋರು ವೀರಶೈವ ಜಂಗಮರು, ನಮ್ ಕಡೆಯಿಂದ ಹೋದೋರು. ಪೂಜೆ ಅವ್ರ ಕೈಯಿಂದ ನಡೆಯಲ್ಲ, ಅವ್ರ ಅಪ್ಪಣೆ ಮೇಲೆ ಅರ್ಚಕರು ಮಾಡ್ತಾರೆ, ಆದ್ರೂ ಅಷ್ಟು ದೂರದ ಬೆಟ್ಟದಲ್ಲಿ ಕನ್ನಡ ಕಿವಿಗೆ ಬಿದ್ರೆ ನಿಮ್ಮಮ್ಮಂಗೆ ಹೆಂಗಾಗ್ಬೇಡ ಹೇಳಿ. ಅಲ್ಲಿನ ಓಂಕಾರೇಶ್ವರ ಗುಡೀಲೇ ಚಳಿಗಾಲಪೂರ್ತಿ ಕೇದಾರನಾಥನ ಪೂಜೆ. ಊಖೀಮಠ ಎತ್ತರಾನೂ ಕಮ್ಮಿ, ಸುಮಾರು 1,300 ಮೀಟರ್, ಅಂಗಡಿ ಎಟಿಎಂ ಆಸ್ಪತ್ರೆ ಎಲ್ಲಾ ಇರೋ ಸಣ್ಣ ಪೇಟೆ. ಎರಡು ದಿನ ಅಲ್ಲಿ ಮಲಗಿ ಸುಧಾರಿಸ್ಕೊಂಡು ಆಮೇಲೆ ಹಳ್ಳಿಗೆ ಹತ್ತಿ.

ಒಂದು ತೊಡಕಿದೆ. ಕೇದಾರದ ಬಾಗ್ಲು ಹಾಕೋದು ದೀಪಾವಳಿ ಆದ್ಮೇಲೆ ಭಾಯಿ ದೂಜ್ ದಿನ, ಆಮೇಲೆ ದೇವ್ರ ಡೋಲಿ, ಅಂದ್ರೆ ಪಲ್ಲಕ್ಕಿ, ಕಾಲ್ನಡಿಗೇಲಿ ಊಖೀಮಠಕ್ಕೆ ಬರುತ್ತೆ, ಅದು ನೋಡೋ ಹಂಗಿರುತ್ತೆ. ಆದ್ರೆ ಹಾಸನಾಂಬೆ ಬಾಗ್ಲೂ ಬಲಿಪಾಡ್ಯಮಿ ಹೊತ್ತಿಗೇ ಹಾಕೋದು. ಎರಡೂ ಒಟ್ಟಿಗೆ ಆಗಲ್ಲ, ಅಮ್ಮನ್ನೇ ಕೇಳಿ ತೀರ್ಮಾನ ಮಾಡಿ, ನಾನಂತೂ ಮಧ್ಯ ಬರಲ್ಲ.

ಬೆಟ್ಟದಹಾದಿ_ಚಿಕ್ಕಮಗಳೂರು:

ಬಾಳೆಹೊನ್ನೂರು ಸರ್ ಹೇಳಿದ್ದು ಒಪ್ತೀನಿ, ಆದ್ರೆ ದೀಪಾವಳಿ ತನಕ ಅದು ಕೇದಾರದ ಟ್ರಾಫಿಕ್ ರೂಟು ಅನ್ನೋದು ಮರೀಬೇಡಿ, ರುದ್ರಪ್ರಯಾಗದಿಂದ ಕುಂಡ್ ತನಕ ಬಸ್ಸು ಟೆಂಪೋ ಸಾಲು ಇರುತ್ತೆ. ಕುಂಡ್‌ನಲ್ಲಿ ಊಖೀಮಠಕ್ಕೆ ತಿರುಗಿದ್ಮೇಲೆ ನಿರಾಳ. ಖಿರ್ಸುಗೆ ಈ ರಗಳೆ ಅರ್ಧ ದಾರೀಲೇ ತಪ್ಪುತ್ತೆ.

ಸಕಲೇಶಪುರ_ತೋಟ:

ಅಮ್ಮನ ತೀರ್ಮಾನ ಬಂತು: ಹಾಸನಾಂಬೆ ಬಿಡಂಗಿಲ್ಲ, ಡೋಲಿ ವಿಡಿಯೋದಲ್ಲಿ ನೋಡ್ತಾರಂತೆ. ಊಖೀಮಠದಲ್ಲಿ ಎರಡು ರಾತ್ರಿ, ಮಿಕ್ಕಿದ್ದೆಲ್ಲ ಮಕ್ಕು, ಅಲ್ಲಿ ಮೆಟ್ಲು ಕಮ್ಮಿ ಇರೋ ಮನೆ ಸಿಗ್ಲಿಲ್ಲ ಅಂದ್ರೆ ಖಿರ್ಸು. ನಾಳೆಯಿಂದ ಫೋನ್ ಮಾಡೋಕೆ ಶುರು ಮಾಡ್ತೀನಿ. ಗಡ್ವಾಲಿ ಬರ್ಬೇಕಾ ಅಥವಾ ನನ್ ಹರಕು ಹಿಂದಿ ಸಾಕಾ?

ನಿವೃತ್ತ_ಹವಾಲ್ದಾರ್_ಹಾಸನ:

ಹಿಂದಿ ಸಾಕು. ವಯಸ್ಸಾದೋರು ತಮ್ಮ ತಮ್ಮಲ್ಲಿ ಗಡ್ವಾಲೀಲೇ ಮಾತಾಡ್ತಾರೆ, ನಿಮ್ ಜೊತೆ ಹಿಂದಿ ಆಡ್ತಾರೆ. ದೊಡ್ಡೋರಿಗೆ ಭೈಜಿ, ಹೆಂಗಸ್ರಿಗೆ ದೀದಿ, ಚಿಕ್ಕ ಹುಡುಗ್ರಿಗೆ ಭುಲಾ ಅನ್ನಿ, ನಗ್ತಾರೆ, ಕೆಲ್ಸ ಆಗುತ್ತೆ. ಮನೆ ಮನೇಲೂ ಒಬ್ಬ ಫೌಜಿ ಇರ್ತಾನೆ, ಲ್ಯಾನ್ಸ್‌ಡೌನ್‌ನಲ್ಲಿ ಗಡ್ವಾಲ್ ರೈಫಲ್ಸ್ ಸೆಂಟರ್ ಇರೋದು, ಪಿಂಚಣಿ ಬಂದಿರೋ ಸುಬೇದಾರ್ ಸಾಹೇಬ್ರು ಯಾರಾದ್ರೂ ಸಿಕ್ಕಿದ್ರೆ ಕೂತು ಮಾತಾಡ್ಸಿ, ಬೆಂಗ್ಳೂರು, ಬೆಳಗಾವಿ ಎಲ್ಲಾ ನೋಡಿರ್ತಾರೆ. ನೋಟು ಚಿಲ್ರೆ ಜೊತೇಲಿಟ್ಕೊಳಿ, ಫೋನ್‌ಪೇ ನಡೆಯುತ್ತೆ ಆದ್ರೆ ಸಿಗ್ನಲ್ ಹೋದ ದಿನ ಹೋಯ್ತು ಅಷ್ಟೇ.

ಪರೀಕ್ಷೆ_ಮುಗೀತು:

ಮಧ್ಯ ಬಂದಿದ್ದಕ್ಕೆ ಸಾರಿ, ಮಗಳ ಎಸ್ಸೆಸ್ಸೆಲ್ಸಿ ಮುಗಿದ್ಮೇಲೆ ಏಪ್ರಿಲಲ್ಲಿ ಇದೇ ತರ ಹೋಗ್ಬಹುದಾ? ನಾವು ಅರಸೀಕೆರೆ.

ಬೆಟ್ಟದಹಾದಿ_ಚಿಕ್ಕಮಗಳೂರು:

@ಪರೀಕ್ಷೆ_ಮುಗೀತು ಹೋಗ್ಬಹುದು, ಏಪ್ರಿಲ್ ಮೊದ್ಲ ಎರಡು ವಾರ ಆದ್ರೆ ಒಳ್ಳೇದು. ಮೇಲಿನ ಕಾಡಲ್ಲಿ ಬುರಾಂಶ್ ಹೂವು ಕೆಂಪಗೆ ಬಿಟ್ಟಿರುತ್ತೆ, ಅದರ ಶರಬತ್ತು ಮನೆ ಮನೇಲೂ ಮಾಡ್ತಾರೆ. ಮಾರ್ಚ್ ಮಧ್ಯದಲ್ಲಿ ಚೈತ್ರ ಶುರುವಾದಾಗ ಮಕ್ಳು ಬೆಳಿಗ್ಗೆನೇ ಮನೆ ಮನೆ ಹೊಸಿಲಿಗೆ ಹೂವು ಹಾಕೋ ಫೂಲ್ ದೇಯಿ ಹಬ್ಬ ಇದೆ, ಅದು ನಿಮ್ಗೆ ಸಿಗಲ್ಲ, ಪರೀಕ್ಷೆ ಟೈಮು. ಏಪ್ರಿಲ್ ಕೊನೆ ಆಯ್ತಂದ್ರೆ ಎರಡು ಕಷ್ಟ, ಚಾರ್‌ಧಾಮ್ ಬಾಗ್ಲು ತೆಗೆದು ರಸ್ತೆ ತುಂಬುತ್ತೆ, ಮತ್ತೆ ಕೆಳಗಿನ ಪೈನ್ ಕಾಡುಗಳಿಗೆ ಬೆಂಕಿ ಬೀಳೋ ಕಾಲ. ಉದುರಿದ ಪೈನ್ ಎಲೆಗೆ ಒಂದು ಬೀಡಿ ತುಂಡು ಸಾಕು, ಹೊಗೆ ಎದ್ರೆ ಹಿಮಾಲಯ ಅಲ್ಲ ಎದುರು ಗುಡ್ಡಾನೂ ಕಾಣಲ್ಲ. ಹಂಗಾಗಿ ಪೈನ್ ಇರೋ ಕೆಳಗಿನ ಊರು ಬಿಟ್ಟು ಓಕ್ ಕಾಡಿರೋ ಮೇಲಿನ ಊರು ಹಿಡೀರಿ. ಟಿಕೆಟ್ ಈಗ್ಲೇ ನೋಡಿ, ಬೇಸಿಗೆ ರಜೆ ರೈಲು ಬೇಗ ತುಂಬುತ್ತೆ.